ನೈದಿಲೆಗೂ ಗೆಣಸಿಗೂ ಒಂದೇ ಬೈಲುಮಣ್ಣು ಆದೀತೇ?

ಮಜಲುಮನೆ:

ಎಲ್ಲರಿಗೂ ನಮಸ್ಕಾರ. ಜಾಗ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಂಗಳದ ಮೂಲೆಯಲ್ಲಿ 3 ಅಡಿ ಅಗಲ, 2 ಅಡಿ ಎತ್ತರದ ಬಾವಿ ರಿಂಗಿಗೆ ಅಡಿ ಕಾಂಕ್ರೀಟ್ ಹಾಕಿ ತೊಟ್ಟಿ ಮಾಡಿ ಆಗಿದೆ. ಅದರಲ್ಲಿ ನೈದಿಲೆ ಹಾಕುವ ಆಲೋಚನೆ. ಕೆಳಗೆ ಎರಡು ಸೆಂಟ್ಸ್ (ಸುಮಾರು 80 ಚದರ ಮೀಟರ್) ಮಜಲುಗದ್ದೆ, ಅಂದರೆ ನಡುಮಟ್ಟದ ಗದ್ದೆ, ಏಣೆಲು (ಮಳೆಗಾಲದ ಭತ್ತ) ಕೊಯ್ದ ಮೇಲೆ ಖಾಲಿ ಬೀಳ್ತದೆ, ಅಲ್ಲಿ ಬಳ್ಳಿಗೆಣಸು ಹಾಕಬೇಕು ಅಂತ ಉಂಟು (ಮರಗೆಣಸು ಅಲ್ಲ).

ಬೈಲಿನಿಂದ, ಅಂದರೆ ತಗ್ಗಿನ ಗದ್ದೆಯಿಂದ, ಒಂದು ಪಿಕಪ್ ಜೇಡಿಮಣ್ಣು ಹೇಗೂ ಬರ್ತದೆ. ಅದಕ್ಕೆ ಹಟ್ಟಿಗೊಬ್ಬರ ಬೆರೆಸಿ ಅರ್ಧ ತೊಟ್ಟಿಗೆ, ಉಳಿದದ್ದನ್ನು ಗದ್ದೆಯ ಏರಿಗೆ ಹಾಕಿದರೆ ಆದೀತಾ? ಎರಡಕ್ಕೂ ನೀರು, ಬಿಸಿಲು, ಗೊಬ್ಬರ ಎಷ್ಟೆಷ್ಟು? ಗದ್ದೆಯ ಒಂದು ಬದಿಗೆ ಮಧ್ಯಾಹ್ನದ ನಂತರ ಅಡಿಕೆ ತೋಟದ ನೆರಳು ಬೀಳ್ತದೆ. ಇನ್ನೊಂದು ಸಂಶಯ: ಮಳೆಗಾಲದಲ್ಲಿ ಗೆಣಸಿನ ಬಳ್ಳಿ ಹುಲುಸಾಗಿ ಹಬ್ಬುವುದು ಇಲ್ಲಿ ಎಲ್ಲರಿಗೂ ಗೊತ್ತು. ಹಾಗಾದರೆ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಗದ್ದೆಯಲ್ಲೇ ಬೆಳೆದ ಬಳ್ಳಿಗೆ ಗೆಡ್ಡೆ ಯಾಕೆ ಕೂರುವುದಿಲ್ಲ?

ತೋಡಿನಕರೆ:

ನಿಮ್ಮ ಕೊನೆಯ ಸಂಶಯದಿಂದಲೇ ಶುರು ಮಾಡುವುದು ಒಳ್ಳೆಯದು. ಉಳಿದ ಎಲ್ಲ ಪ್ರಶ್ನೆಗೂ ಉತ್ತರ ಅದರಲ್ಲೇ ಉಂಟು. ಎರಡು ಗಿಡಕ್ಕೂ ಇರುವ ಮುಖ್ಯ ವ್ಯತ್ಯಾಸ ನೀರಿನದ್ದಲ್ಲ, ಬೇರಿಗೆ ಗಾಳಿ ಯಾವ ದಾರಿಯಲ್ಲಿ ಬರ್ತದೆ ಎನ್ನುವುದು.

ಗದ್ದೆಯಲ್ಲಿ ನೀರು ಕಟ್ಟಿದಾಗ ಮಣ್ಣಿನ ಸಂದುಗಳಲ್ಲಿದ್ದ ಗಾಳಿಯೆಲ್ಲ ಹೊರಗೆ ಹೋಗ್ತದೆ. ನೀರಿನಲ್ಲಿ ಕರಗಿ ಉಳಿದ ಅಲ್ಪಸ್ವಲ್ಪ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲಿ ಮುಗಿಸ್ತವೆ. ಆಮೇಲೆ ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನ ಕಬ್ಬಿಣ ನೀರಿಗೆ ಕರಗಲು ಶುರು. ತೋಟದ ಕಣಿಯಲ್ಲಿ ಎಣ್ಣೆ ತೇಲಿದ ಹಾಗೆ ಹೊಳೆಯುವ ಪೊರೆ, ಅದರಡಿಯಲ್ಲಿ ತುಕ್ಕುಬಣ್ಣದ ಲೋಳೆ ಕಾಣ್ತದಲ್ಲ, ಅದು ಈ ಕಬ್ಬಿಣವೇ.

ನೈದಿಲೆ ಇಂಥ ಕೆಸರಿನಲ್ಲಿ ಬದುಕುವುದು ಗಾಳಿಯನ್ನು ಮೇಲಿನಿಂದ ತರಿಸಿಕೊಂಡು. ಎಲೆಯ ದಂಟನ್ನು ಅಡ್ಡ ಕೊಯ್ದು ನೋಡಿ, ಉದ್ದಕ್ಕೂ ಹೋಗುವ ದೊಡ್ಡ ದೊಡ್ಡ ತೂತುಗಳು ಬರಿಗಣ್ಣಿಗೇ ಕಾಣ್ತವೆ. 1980ರಲ್ಲಿ ಜಾನ್ ಡೇಸಿ ಎನ್ನುವ ವಿಜ್ಞಾನಿ ನೈದಿಲೆಯ ಕುಟುಂಬದ್ದೇ ಆದ ಹಳದಿ ಹೂವಿನ ನ್ಯೂಫಾರ್ ಗಿಡದಲ್ಲಿ ಇದನ್ನು ಅಳೆದು ತೋರಿಸಿದರು: ಬಿಸಿಲಿಗೆ ಕಾದ ಎಳೆ ಎಲೆಯೊಳಗೆ ಒತ್ತಡ ಏರಿ ಗಾಳಿ ದಂಟಿನ ಮೂಲಕ ಗೆಡ್ಡೆಯವರೆಗೆ ಇಳಿದು, ಹಳೆ ಎಲೆಗಳ ದಾರಿಯಾಗಿ ಹೊರಗೆ ಹೋಗ್ತದೆ. ಎಲೆಯ ಉಸಿರಾಟದ ರಂಧ್ರಗಳೂ ನೀರು ಮುಟ್ಟದ ಮೇಲ್ಮೈಯಲ್ಲೇ ಇರುವುದು.

ಗೆಣಸಿನ ಬೇರಿಗೆ ಈ ಅನುಕೂಲ ಇಲ್ಲ. ಅದಕ್ಕೆ ಗಾಳಿ ಮಣ್ಣಿನಿಂದಲೇ ಸಿಗಬೇಕು. ಬಳ್ಳಿ ನೆಟ್ಟ ಮೊದಲ 4ರಿಂದ 6 ವಾರದಲ್ಲಿ ಯಾವ ಬೇರು ಗೆಡ್ಡೆಯಾಗಬೇಕು ಎಂದು ತೀರ್ಮಾನ ಆಗ್ತದೆ. ಆ ಹೊತ್ತಿಗೆ ಮಣ್ಣು ಹಸಿಯಾಗಿ ಗಟ್ಟಿ ಕೂತಿದ್ದರೆ ಬೇರಿನ ಒಳಭಾಗ ನಾರಾಗಿ, ಪೆನ್ಸಿಲ್ ದಪ್ಪಕ್ಕೇ ನಿಂತುಬಿಡ್ತದೆ. ಆಮೇಲೆ ಎಷ್ಟು ಆರೈಕೆ ಮಾಡಿದರೂ ಅದು ಗೆಡ್ಡೆ ಆಗುವುದಿಲ್ಲ. ಬಳ್ಳಿ ಮಾತ್ರ ಗಂಟುಗಂಟಿನಲ್ಲಿ ಬೇರು ಬಿಟ್ಟು ಚೆನ್ನಾಗಿಯೇ ಇರ್ತದೆ. ಮಳೆಗಾಲದ ಗದ್ದೆಯಲ್ಲಿ ಸೊಪ್ಪು ಬಂದು ಗೆಡ್ಡೆ ಬಾರದಿರುವುದು ಹೀಗೆ.

ಈಗ ತೊಟ್ಟಿಯ ಕೆಲಸ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಡ್ತಾ ಇರ್ತದೆ, ಅದರಲ್ಲಿ ಗಿಡ ಬೆಳೆಯುವುದಿಲ್ಲ, ಮೀನೂ ಉಳಿಯುವುದಿಲ್ಲ. ತುಂಬ ನೀರು ತುಂಬಿಸಿ ಬಾಳೆದಿಂಡಿನ ತುಂಡು ಹಾಕಿಡಿ. ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗೆ ತಿಕ್ಕಿ ತೊಳೆದು ಹೊಸ ನೀರು ಮತ್ತು ಹೊಸ ದಿಂಡು ಹಾಕಿ. ಹೀಗೆ ಮೂರು ವಾರ. ಪಿಎಚ್ ಕಾಗದ ಸಿಕ್ಕಿದರೆ ನೋಡಿ, 8ಕ್ಕಿಂತ ಕೆಳಗೆ ಇಳಿದ ಮೇಲೆ ಗಿಡ ಇಡಬಹುದು.

ತೊಟ್ಟಿಯ ಅಡಿಗೆ ಮಣ್ಣು ಹರಡಬೇಡಿ. 35–40 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ, ತೂತಿಲ್ಲದ ಪ್ಲಾಸ್ಟಿಕ್ ಬೇಸಿನ್ ಸಾಕು. ಅದಕ್ಕೆ ಹದಿನೈದು ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ಬೇಸಿನ್ ಆದರೆ ಗೊಬ್ಬರ ಅದರೊಳಗೇ ಉಳೀತದೆ, ಗೆಡ್ಡೆ ಬಿಡಿಸುವಾಗ ಎತ್ತಲೂ ಸುಲಭ. ಆಳಕ್ಕಿಂತ ಅಗಲ ಹೆಚ್ಚು ಇರಲಿ.

ಬೈಲಿನ ಜೇಡಿಮಣ್ಣು ನೈದಿಲೆಗೆ ಹೇಳಿ ಮಾಡಿಸಿದ್ದು. ಹುಲ್ಲು, ಕೂಳೆ, ಬೇರು ಆರಿಸಿ ತೆಗೆಯಿರಿ. ಒಂದು ಮುಷ್ಟಿ ಉಂಡೆ ಕಟ್ಟಿ ಬಕೆಟ್ ನೀರಿಗೆ ಬಿಡಿ: ಮರುದಿನಕ್ಕೂ ಉಂಡೆ ಹೆಚ್ಚು ಕದಡದೆ ಕೂತಿದ್ದರೆ, ಮೇಲೆ ಕಸ ತೇಲದಿದ್ದರೆ ಅದು ತಕ್ಕ ಮಣ್ಣು. ಇದಕ್ಕೆ ಹಟ್ಟಿಗೊಬ್ಬರ, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಯಾವುದೂ ಬೇಡ. ಗಾಳಿ ಇಲ್ಲದಲ್ಲಿ ಅದು ಹುಳಿತು ಗುಳ್ಳೆ ಏಳ್ತದೆ, ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರ್ತದೆ, ಗೆಡ್ಡೆಯ ಬುಡ ಕೊಳೀತದೆ. ಮೇಲಿನ ನೀರು ಪಾಚಿ ಕಟ್ಟುವುದೂ ಈ ಗೊಬ್ಬರದಿಂದಲೇ.

ನೆಡುವಾಗ ಯಾವ ಜಾತಿ ಎಂದು ನೋಡಿಕೊಳ್ಳಿ. ಹೂವು ನೀರಿನಿಂದ ಗೇಣೆತ್ತರ ಎದ್ದು ನಿಲ್ಲುವ ಉಷ್ಣವಲಯದ ಜಾತಿಗೆ ಸಣ್ಣ ಉರುಟು ಗೆಡ್ಡೆ. ಅದನ್ನು ಬೇಸಿನಿನ ನಡುವೆ ನೆಡಬೇಕು. ಹೂವು ನೀರಿನ ಮೇಲೇ ತೇಲುವ ತಂಪುನಾಡಿನ ಜಾತಿಗೆ ಶುಂಠಿಯ ಹಾಗೆ ಅಡ್ಡ ಹೋಗುವ ಗೆಡ್ಡೆ. ಅದನ್ನು ಅಂಚಿನಲ್ಲಿ ಓರೆಯಾಗಿ, ಚಿಗುರುವ ತುದಿ ನಡುವಿಗೆ ಮುಖ ಮಾಡುವಂತೆ ಇಡಿ. ಯಾವುದೇ ಆಗಲಿ, ಎಲೆ ಹೊರಡುವ ಸುಳಿ ಮಣ್ಣಿನ ಮಟ್ಟದಲ್ಲೇ ಇರಬೇಕು, ಹೂತರೆ ಕೊಳೆಯುತ್ತದೆ. ಸುತ್ತ 2 ಸೆಂ.ಮೀ. ದಪ್ಪಕ್ಕೆ ಹೊಳೆಯ ದಪ್ಪ ಮರಳು ಹಾಕಿ, ಸುಳಿಯ ಮೇಲೆ ಬೇಡ.

ಸುಳಿಯ ಮೇಲೆ ಮೊದಲು 10 ಸೆಂ.ಮೀ. ನೀರು ಸಾಕು. ಇದಕ್ಕಾಗಿ ತೊಟ್ಟಿಯ ನೀರು ಇಳಿಸುವ ಬದಲು ಬೇಸಿನಿನ ಅಡಿಗೆ ಇಟ್ಟಿಗೆ ಕೊಡಿ. ನಾಲ್ಕೈದು ಎಲೆ ತೇಲಿದ ಮೇಲೆ ಒಂದೊಂದೇ ಇಟ್ಟಿಗೆ ತೆಗೆದು 30 ಸೆಂ.ಮೀ.ಗೆ ಇಳಿಸಿ. ಗೊಬ್ಬರಕ್ಕೆ 18:18:18 ಒಂದು ಚಮಚ, ಅಂದರೆ 5 ಗ್ರಾಂ, ಪೇಪರಿನಲ್ಲಿ ಸುತ್ತಿ ಬೇರಿನ ಹತ್ತಿರ ಬೆರಳುದ್ದ ಆಳಕ್ಕೆ ಒತ್ತಿ ತೂತು ಮುಚ್ಚಿ. ತಿಂಗಳಿಗೊಮ್ಮೆ ಸಾಕು, ಹೊಸ ಎಲೆ ಬಂದ ಮೇಲೆ ಶುರು. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಇರದ ಕಾರಣ ನಿಲ್ಲಿಸಿಬಿಡಿ. ಬಿಸಿಲು ದಿನಕ್ಕೆ 6 ತಾಸು ಬೇಕು. 3–4 ತಾಸಿನಲ್ಲಿ ಎಲೆ ಬಂದೀತು, ಹೂವು ಅಪರೂಪ.

ಗೆಣಸಿನ ವಿಷಯ ಗುಡ್ಡೆತೋಟದವರು ಹೇಳಲಿ. ಬೈಲುಮಣ್ಣಿಗೆ ಮೂರರಲ್ಲೊಂದು ಪಾಲು ಮರಳು ಬೆರೆಸಿದರೆ ಏರಿಗೆ ಆಗಬಹುದು ಅಂತ ನನಗೆ ತೋರ್ತದೆ.

ಗುಡ್ಡೆತೋಟ:

ತೋಡಿನಕರೆಯಣ್ಣ ಬೇರಿನ ಬಗ್ಗೆ ಹೇಳಿದ್ದೆಲ್ಲ ಸರಿ. ಕೊನೆಯ ಸಾಲಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಜೇಡಿಗೆ ಅಷ್ಟು ಕಡಿಮೆ ಮರಳು ಬೆರೆಸಿದರೆ ಮರಳಿನ ಸಂದಿನಲ್ಲೆಲ್ಲ ಜೇಡಿ ತುಂಬಿ, ಒಣಗಿದಾಗ ಇಟ್ಟಿಗೆಯಷ್ಟು ಗಟ್ಟಿ ಆಗ್ತದೆ. ಮಜಲಿನ ಮಣ್ಣು ಇದ್ದದ್ದೇ ಸಾಕು, ಬೈಲಿನಿಂದ ಒಂದು ಬುಟ್ಟಿಯೂ ಗೆಣಸಿಗೆ ತರಬೇಡಿ. ಮಣ್ಣು ಸಡಿಲ ಆಗಬೇಕಾದರೆ ಹಟ್ಟಿಗೊಬ್ಬರ ಮತ್ತು ಸುಡುಮಣ್ಣು (ಕಸ, ತರಗೆಲೆಯೊಂದಿಗೆ ಸುಟ್ಟ ಮಣ್ಣು) ಹಾಕಿ.

ಮೊದಲು ನೀರು ಇಳಿಯುತ್ತದಾ ನೋಡಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲ ಗಂಟೆಗೆ 2–3 ಸೆಂ.ಮೀ. ಇಳಿದರೆ ಧೈರ್ಯದಿಂದ ಮಾಡಬಹುದು. ಮರುದಿನವೂ ನೀರು ಹಾಗೇ ನಿಂತಿದ್ದರೆ ಆ ಗದ್ದೆಗೆ ಇನ್ನೂ ಹದ ಬಂದಿಲ್ಲ ಅಂತ ಅರ್ಥ. ಹದಿನೈದು ದಿನ ಬಿಟ್ಟು ಪುನಃ ನೋಡಿ.

ಏಣೆಲು ಕೊಯ್ಲು ಮುಗಿದು ತುಲಾಮಳೆ (ಹಿಂಗಾರು) ಹಿಂದೆ ಸರಿದ ಮೇಲೆ, ನವೆಂಬರ್ ಹೊತ್ತಿಗೆ ಉಳುಮೆ ಮಾಡಿ. ಹೆಂಟೆ ಒಡೆದು ಪುಡಿ ಮಾಡಬೇಕು, ಇದರಲ್ಲಿ ಉದಾಸೀನ ಬೇಡ. ಗದ್ದೆಯ ಕೆಸರು ಒಣಗಿದ ಹೆಂಟೆ ಏರಿಯೊಳಗೆ ಉಳಿದರೆ ಗೆಡ್ಡೆ ಸೊಟ್ಟ ಆಗ್ತದೆ. ಏರಿ 25–30 ಸೆಂ.ಮೀ. ಎತ್ತರ, ಒಂದರಿಂದ ಇನ್ನೊಂದಕ್ಕೆ 60 ಸೆಂ.ಮೀ. ಏರಿಯ ನಡುವಿನ ಚಾಲು ಗದ್ದೆಯ ತಗ್ಗು ಮೂಲೆಗೆ ಇಳಿದು ಹೊರಗಿನ ಕಣಿಗೆ ಸೇರಬೇಕು. ಏರಿ ಎಷ್ಟೇ ಎತ್ತರ ಮಾಡಿದರೂ ಚಾಲಿನ ನೀರಿಗೆ ಹೋಗುವ ದಾರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ.

ಬಳ್ಳಿಯ ತುದಿಯ ಭಾಗದಿಂದ 20–25 ಸೆಂ.ಮೀ. ತುಂಡು ಮಾಡಿ. ಎಲೆ ಸಮೇತ ಕಟ್ಟು ಕಟ್ಟಿ ಎರಡು ದಿನ ನೆರಳಲ್ಲಿಟ್ಟರೆ ಗಂಟಿನಲ್ಲಿ ಬೇರಿನ ಮೊಳಕೆ ಕಾಣ್ತದೆ, ಆಗ ನೆಡಿ. ಎರಡು-ಮೂರು ಗಂಟು ಮಣ್ಣೊಳಗೆ ಹೋಗಲಿ. ತುಂಡಿನಿಂದ ತುಂಡಿಗೆ 20 ಸೆಂ.ಮೀ. ಈ ಲೆಕ್ಕದಲ್ಲಿ ಒಂದು ಸೆಂಟ್ಸಿಗೆ ಮುನ್ನೂರ ಮೂವತ್ತರ ಹತ್ತಿರ ತುಂಡು ಬೇಕು. ನಮ್ಮ ಜಿಲ್ಲೆಯದೇ ಒಂದು ಪೇಟೆಯ ಹೆಸರು ಹೊತ್ತ ಕಾಞಂಗಾಡ್ ಎನ್ನುವ ಊರತಳಿ ಉಂಟು. ತಿರುವನಂತಪುರದ ಶ್ರೀಕಾರ್ಯದಲ್ಲಿರುವ ಕೇಂದ್ರ ಗೆಡ್ಡೆಬೆಳೆ ಸಂಶೋಧನಾ ಸಂಸ್ಥೆಯ ಶ್ರೀಭದ್ರ, ಶ್ರೀಅರುಣ್‌ನಂಥ ತಳಿಗಳೂ ಉಂಟು. ಮೂರರಿಂದ ನಾಲ್ಕು ತಿಂಗಳಲ್ಲಿ ಕೀಳುವ ತಳಿ ಆರಿಸಿ, ಸುಗ್ಗಿಯ (ಮಾರ್ಚ್-ಏಪ್ರಿಲ್) ಬಿಸಿಲು ಏರುವ ಮೊದಲು ಕೆಲಸ ಮುಗೀತದೆ.

ಗೊಬ್ಬರ ಒಂದು ಸೆಂಟ್ಸಿಗೆ: ಹಟ್ಟಿಗೊಬ್ಬರ 40 ಕಿಲೋ, ರಾಕ್ ಫಾಸ್ಫೇಟ್ 1 ಕಿಲೋ, ಪೊಟಾಷ್ ಅರ್ಧ ಕಿಲೋ, ಯೂರಿಯ 650 ಗ್ರಾಂ. ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟಾಷ್ 75:50:75 ಕಿಲೋ ಎನ್ನುವ ಶಿಫಾರಸನ್ನು ಸೆಂಟ್ಸಿಗೆ ಇಳಿಸಿದ್ದು ಇದು. ಯೂರಿಯ ಅರ್ಧ ನೆಡುವಾಗ, ಅರ್ಧ ಐದನೇ ವಾರದಲ್ಲಿ ಮಣ್ಣೇರಿಸುವಾಗ. ಉಳಿದದ್ದೆಲ್ಲ ಮೊದಲೇ. ಹಟ್ಟಿಗೊಬ್ಬರ ಜಾಸ್ತಿ ಇದೆ ಅಂತ ಸುರಿಯಬೇಡಿ, ಸಾರಜನಕ ಮಿತಿ ಮೀರಿದರೆ ಮತ್ತೆ ಸೊಪ್ಪೇ ಬರುವುದು. ರಸಗೊಬ್ಬರ ಬೇಡ ಎನ್ನುವವರು ಸುಡುಮಣ್ಣು, ಒಲೆಬೂದಿಯಿಂದ ಪೊಟಾಷ್ ಕೊಡಬಹುದು. ಆದರೆ ಬೂದಿ ಮತ್ತು ಯೂರಿಯ ಒಟ್ಟಿಗೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗ್ತದೆ.

ನೀರು: ನೆಟ್ಟ ದಿನ, ಆಮೇಲೆ ಹತ್ತು ದಿನ ದಿನಬಿಟ್ಟು ದಿನ, ನಂತರ 7–10 ದಿನಕ್ಕೊಮ್ಮೆ. ಒಂದು ಸಲಕ್ಕೆ 20 ಮಿ.ಮೀ. ಅಂದರೆ ಸೆಂಟ್ಸಿಗೆ 800 ಲೀಟರ್. ನಿಮ್ಮ ಎರಡು ಸೆಂಟ್ಸಿಗೆ ಸಾವಿರದ ಆರುನೂರು. ಆ ತೊಟ್ಟಿ ತುಂಬಲು ಸುಮಾರು 350 ಲೀಟರ್ ಸಾಕು, ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೂ ವಾರಕ್ಕೆ ಒಂದೆರಡು ಕೊಡಪಾನ ಸೇರಿಸಿದರೆ ಆಯಿತು. ನೀರಿನಲ್ಲೇ ಬದುಕುವ ನೈದಿಲೆಗಿಂತ ಗೆಣಸಿಗೇ ನೀರಿನ ಖರ್ಚು ಹೆಚ್ಚು. ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಮಾರ್ಚಿನಲ್ಲಿ ಸಪುರ ಆಗುವ ಮನೆಯವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಕೀಳುವ ಮೂರು ವಾರ ಮೊದಲು ನೀರು ನಿಲ್ಲಿಸಿ, ಕೀಳುವ ಎರಡು ದಿನ ಮೊದಲು ಒಮ್ಮೆ ತೋಯಿಸಿ. ಆಗ ಗೆಡ್ಡೆ ತುಂಡಾಗದೆ ಬರ್ತದೆ.

ನೆರಳು ಬೀಳುವ ಬದಿಯಲ್ಲಿ ಗೆಣಸು ಬೇಡ. ಮಳೆಗಾಲದಲ್ಲಿ ಬೆಳೆಯಲೇಬೇಕಾದರೆ ಜೂನ್-ಜುಲೈಯಲ್ಲಿ ಎತ್ತರದ ಬೆಟ್ಟುಗದ್ದೆಯಲ್ಲೋ ಗುಡ್ಡೆಯ ಇಳಿಜಾರಿನಲ್ಲೋ ದಿಬ್ಬ ಮಾಡಿ ನೆಡಿ, ಮಜಲಿನಲ್ಲಿ ಅಲ್ಲ.

ಮಜಲುಮನೆ:

ಇಬ್ಬರಿಗೂ ಧನ್ಯವಾದ. ಜೇಡಿ ತೊಟ್ಟಿಗೆ ಮಾತ್ರ, ಅರ್ಥ ಆಯಿತು. ಇನ್ನು ಕೆಲವು ಉಂಟು. ತೊಟ್ಟಿಯ ಹಳೆ ನೀರನ್ನು ಗೆಣಸಿಗೆ ಬಿಡಬಹುದಾ? ತೊಟ್ಟಿ ಇರುವುದು ಮಾಡಿನ ನೀರು ಬೀಳುವ ಜಾಗದ ಪಕ್ಕದಲ್ಲೇ, ಮಳೆಗಾಲದಲ್ಲಿ ತೊಂದರೆಯಾ? ನೆರಳಿನ ಬದಿಯ ಮೂಲೆಯಲ್ಲಿ ಡಿಸೆಂಬರ್‌ವರೆಗೂ ಒರತೆ ಇರ್ತದೆ, ಅಲ್ಲಿ ಏನು ಹಾಕಬಹುದು? ಹುಳದ ಕಾಟ ಎರಡಕ್ಕೂ ಹೇಗೆ?

ಕೆರೆದಂಡೆ:

ತೊಟ್ಟಿಯ ನೀರು ಗೆಣಸಿಗೆ ಧಾರಾಳ ಬಿಡಿ, ಆದರೆ ಅದರಲ್ಲಿ ಗೊಬ್ಬರದ ಸತ್ವ ಉಂಟು ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಗದ್ದೆಯ ಕಡೆಯಿಂದ ಯೂರಿಯ ಬೆರೆತ ನೀರು ಮಾತ್ರ ತೊಟ್ಟಿಗೆ ಸೇರಬಾರದು, ವಾರದೊಳಗೆ ಹಸಿರು ಪಾಚಿ ಏಳ್ತದೆ. ಮೊದಲ ತಿಂಗಳು ನೀರು ಹೇಗೂ ಸ್ವಲ್ಪ ಹಸಿರಾಗ್ತದೆ, ಅದಕ್ಕೆ ಹೆದರಿ ಮತ್ತೆ ಮತ್ತೆ ನೀರು ಬದಲಿಸುವುದು ಬೇಡ. ಎಲೆಗಳು ಅರ್ಧಕ್ಕಿಂತ ಹೆಚ್ಚು ನೀರನ್ನು ಮುಚ್ಚಿದಾಗ ಪಾಚಿಗೆ ಬೆಳಕು ಸಿಗದೆ ತಾನಾಗಿ ತಿಳಿಯಾಗ್ತದೆ.

ಮಾಡಿನ ನೀರು ನೇರ ತೊಟ್ಟಿಗೆ ಬೀಳಬಾರದು. ನೈದಿಲೆಗೆ ಕದಡದ ನೀರು ಬೇಕು. ಮೇಲಿನಿಂದ ಧಾರೆ ಬಿದ್ದರೆ ಎಲೆ ಮಗುಚಿ ರಂಧ್ರವಿರುವ ಮೇಲ್ಮೈ ಮುಳುಗ್ತದೆ, ಮೊಗ್ಗು ಒಳಗೇ ಕೊಳೀತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ತೊಟ್ಟಿಯನ್ನು ಮಾಡಿನಿಂದ ಆಚೆ ಸರಿಸಿ, ಅಂಚಿನಿಂದ ಒಂದು ಬೆರಳುದ್ದ ಕೆಳಗೆ ಒಂದಿಂಚಿನ ಪೈಪ್ ಕೊಟ್ಟು ಹೆಚ್ಚಿನ ನೀರು ಹೊರಗೆ ಹೋಗುವ ಹಾಗೆ ಮಾಡಿ. ಪೈಪಿನ ಒಳಬಾಯಿಗೆ ಬಲೆ ಕಟ್ಟಿ, ಇಲ್ಲದಿದ್ದರೆ ಮೀನು ಹೋಗ್ತದೆ. ಮೀನು ಬೇಕೇ ಬೇಕು: ನಿಂತ ನೀರು ಅಂದರೆ ಸೊಳ್ಳೆ, ಮಳೆಗಾಲ ಅಂದರೆ ಡೆಂಗ್ಯೂ. ಎಂಟು-ಹತ್ತು ಗಪ್ಪಿ ಬಿಟ್ಟರೆ ಸೊಳ್ಳೆಮರಿ ಉಳಿಯುವುದಿಲ್ಲ. ನಳ್ಳಿ ನೀರಾದರೆ ಒಂದು ದಿನ ಬಿಸಿಲಲ್ಲಿ ಇಟ್ಟು ಕ್ಲೋರಿನ್ ಹೋದ ಮೇಲೆ ಮೀನು ಬಿಡಿ.

ನೈದಿಲೆ ಎಲೆಗೆ ಕಪ್ಪು ಹೇನು ಬರುವುದು ಸಾಮಾನ್ಯ. ಪೈಪಿನ ನೀರು ಚಿಮ್ಮಿಸಿ ಉದುರಿಸಿದರೆ ಮೀನು ತಿಂತದೆ. ಎಲೆಯಲ್ಲಿ ಮೊಟ್ಟೆಯಾಕಾರದ ತುಂಡು ಕತ್ತರಿಸಿದ ಗುರುತು ಕಂಡರೆ ಅದು ಪತಂಗದ ಹುಳ. ಕತ್ತರಿಸಿದ ತುಂಡನ್ನೇ ಗೂಡು ಮಾಡಿಕೊಂಡು ಎಲೆಯ ಅಡಿಗೆ ಅಂಟಿರ್ತದೆ, ಮಗುಚಿ ನೋಡಿ ಕೈಯಿಂದ ತೆಗೆಯಿರಿ. ಬೇವಿನೆಣ್ಣೆ ಸಿಂಪಡಿಸುವ ಅಭ್ಯಾಸ ತೊಟ್ಟಿಯಲ್ಲಿ ಬೇಡ: ಎಣ್ಣೆಯ ಪೊರೆ ಎಲೆಯ ರಂಧ್ರ ಮುಚ್ಚುತ್ತದೆ, ಮೀನಿಗೂ ಒಳ್ಳೆಯದಲ್ಲ. ಎಲೆಗಳು ನೀರು ಬಿಟ್ಟು ಮೇಲಕ್ಕೆ ಒತ್ತೊತ್ತಾಗಿ ಎದ್ದರೆ ಅದು ರೋಗ ಅಲ್ಲ, ಬೇಸಿನ್ ತುಂಬಿದೆ ಅಂತ ಅರ್ಥ. ಬಿಡಿಸಿ ಬೇರೆ ಮಾಡಿ. ಅಡ್ಡ ಹೋಗುವ ಗೆಡ್ಡೆಯಾದರೆ ಚಿಗುರಿರುವ ತುದಿಯಿಂದ 8–10 ಸೆಂ.ಮೀ. ಇಟ್ಟುಕೊಂಡು ಹಳೆಯದನ್ನು ಬಿಸಾಡಿ.

ಒರತೆಯ ಮೂಲೆಗೆ ಕೆಸು ಹಾಕಿ. ಕೆಸುವಿನ ದಂಟು, ಬೇರಿನಲ್ಲೂ ಗಾಳಿಯ ಸಂದುಗಳು ಇರ್ತವೆ, ಹಾಗಾಗಿ ಹಸಿನೆಲ ಅದಕ್ಕೆ ಒಗ್ಗುತ್ತದೆ. ಸ್ವಲ್ಪ ನೆರಳನ್ನೂ ತಾಳಿಕೊಳ್ತದೆ. ಪತ್ರೊಡೆಗೆ ಎಲೆ, ಪದಾರ್ಥಕ್ಕೆ ಗೆಡ್ಡೆ ಎರಡೂ ಸಿಗ್ತದೆ. ಆ ಮೂಲೆಯಲ್ಲಿ ಗೆಣಸು ಬೆಳೆಸಲು ಹೆಣಗುವುದಕ್ಕಿಂತ ಇದು ಎಷ್ಟೋ ಮೇಲು.

ಗುಡ್ಡೆತೋಟ:

ಗೆಣಸಿನ ಹುಳದ ಬಗ್ಗೆ: ಮುಖ್ಯ ಶತ್ರು ಸೊಂಡಿಲ ಹುಳ, ಇರುವೆಯ ಹಾಗೆ ಸಪುರ, ನಡು ಕೆಂಪು. ಅದಕ್ಕೆ ಮಣ್ಣು ಅಗೆಯಲು ಆಗುವುದಿಲ್ಲ. ಏರಿ ಒಣಗಿ ಬಿರುಕು ಬಿಟ್ಟಲ್ಲಿ ಇಳಿದು ಗೆಡ್ಡೆಯ ಮೇಲೆ ಮೊಟ್ಟೆ ಇಡ್ತದೆ. ಮರಿಹುಳ ಒಳಗೆ ಕೊರೆದ ಗೆಡ್ಡೆ ಕಹಿಯಾಗಿ, ದನಕ್ಕೂ ಹಾಕಲು ಆಗದ ಹಾಗೆ ಹಾಳಾಗ್ತದೆ. ಆದ್ದರಿಂದ ಬಿರುಕು ಮುಚ್ಚುವುದೇ ದೊಡ್ಡ ಮದ್ದು. ಎರಡನೇ ವಾರ ಮತ್ತು ಐದನೇ ವಾರ ಮಣ್ಣೇರಿಸಿ. ಒಂದು ತಿಂಗಳಾದಾಗ ಕಮ್ಯುನಿಸ್ಟ್ ಗಿಡದ (ಕ್ರೊಮೊಲೀನಾ ಎನ್ನುವ ಕಳೆ) ಸೊಪ್ಪು ಸೆಂಟ್ಸಿಗೆ 12 ಕಿಲೋದಷ್ಟು ಏರಿಯ ಮೇಲೆ ಹಾಸಿ. ನಮ್ಮ ಗುಡ್ಡೆಯಲ್ಲಿ ಬೇಡವೆಂದರೂ ಸಿಗುವ ಸೊಪ್ಪು, ಹುಳವನ್ನೂ ದೂರ ಇಡ್ತದೆ, ತೇವವನ್ನೂ ಹಿಡೀತದೆ. ಗಂಡುಹುಳ ಹಿಡಿಯುವ ಫೆರೊಮೋನ್ ಬಲೆ ಸಿಕ್ಕಿದರೆ ಎರಡು ಸೆಂಟ್ಸಿಗೆ ಒಂದು ಸಾಕು. ಕೊನೆಯ ಮೂರು ವಾರ ನೀರು ನಿಲ್ಲಿಸಿದಾಗಲೇ ಬಿರುಕು ಹೆಚ್ಚು, ಆಗ ದಿನಕ್ಕೊಮ್ಮೆ ಏರಿ ನೋಡಿ ಕಾಲಿನಿಂದ ಒತ್ತಿ ಮುಚ್ಚಿ.

ಬಳ್ಳಿಯನ್ನು ತಿಂಗಳಿಗೊಮ್ಮೆ ಎತ್ತಿ ಮಗುಚಿ ಹಾಕಿ, ಇಲ್ಲದಿದ್ದರೆ ಗಂಟುಗಳಲ್ಲಿ ಬೇರಿಳಿದು ಅಲ್ಲಲ್ಲಿ ಬೆರಳಷ್ಟರ ಗೆಡ್ಡೆ ಕಟ್ಟಿ ಬುಡದ ಗೆಡ್ಡೆ ಸಣ್ಣದಾಗ್ತದೆ. ಎಲೆ ಹಳದಿಗೆ ತಿರುಗಿದಾಗ ಒಂದು ಗೆಡ್ಡೆ ಕೊಯ್ದು ನೋಡಿ. ಕೊಯ್ದ ಜಾಗದ ಹಾಲು ಬಿಳಿಯಾಗಿಯೇ ಒಣಗಿದರೆ ಬಲಿತಿದೆ, ಹಸಿರುಗಪ್ಪು ಆದರೆ ಇನ್ನೂ ಎಳತು. ಬಲಿತ ಮೇಲೆ ನೆಲದಲ್ಲಿ ಬಿಡಬೇಡಿ. ತಡ ಆದಷ್ಟು ಹುಳ ಹೆಚ್ಚು, ಕಾಡುಹಂದಿಯೂ ಬರ್ತದೆ. ಬದಿಯಡ್ಕದ ಕಡೆ ಹಂದಿಯ ಕಾಟ ಚೆನ್ನಾಗಿಯೇ ಉಂಟು. ಗದ್ದೆಯ ಸುತ್ತ ಬರೇ ಬಲೆ ಕಟ್ಟಿದರೆ ಅಡಿಯಿಂದ ಮೂತಿ ತೂರಿಸಿ ಎತ್ತಿಬಿಡ್ತದೆ. ತಗಡನ್ನೋ ಗಟ್ಟಿ ಬಲೆಯನ್ನೋ ಅರ್ಧ ಅಡಿ ಮಣ್ಣಿನೊಳಗೆ ಹೂತು ಮೇಲೆ ಮೂರಡಿ ಬರುವ ಹಾಗೆ ಗೂಟಕ್ಕೆ ಬಿಗಿಯಿರಿ, ಅದೂ ಗೆಡ್ಡೆ ಕೂರುವ ಎರಡನೇ ತಿಂಗಳ ಒಳಗೆ.